ಪೂರ್ವಾನುಭವ: ಇಲ್ಲ

ಹನ್ನೆರಡು ವರ್ಷ ಒಬ್ಬ ಮನುಷ್ಯನನ್ನು ಕಂಡು ಹೊಟ್ಟೆ ಉರಿಸಿಕೊಳ್ಳುತ್ತಾ, ಅವರ ಪಕ್ಕದಲ್ಲೇ ಕೆಲಸ ಮಾಡುವುದು ಸುಲಭವಲ್ಲ. ನಾನು ಮಾಡಿದ್ದೇನೆ. ಮೂರು ತಿಂಗಳ ಹಿಂದೆ ಅವರು ನಿವೃತ್ತರಾಗಿ ದೆಹಲಿ ಬಿಟ್ಟು ನಂಜನಗೂಡಿನ ಕಡೆ ಹೋದರು. ಕಣ್ಣಿಂದ ಮರೆಯಾದ ಮೇಲಾದರೂ ನನಗೆ ಸಮಾಧಾನವಾದೀತು ಅಂದುಕೊಂಡಿದ್ದೆ. ಮೊನ್ನೆ ನಮ್ಮ ಶ್ವಾನದಳಕ್ಕೆ ಹೊಸದಾಗಿ ಬಂದ ಹ್ಯಾಂಡ್ಲರ್ ಒಬ್ಬಳು, "ಸರ್, ಎಲ್ಲರೂ ಮಾಸ್ಟರ್‌ಜೀ ಮಾಸ್ಟರ್‌ಜೀ ಅಂತಾರಲ್ಲ, ಹೇಗಿದ್ದರು ಅವರು?" ಎಂದು ಹಿಂದಿಯಲ್ಲಿ ಕೇಳಿದಳು. "ಒಳ್ಳೆಯವರು" ಎಂದೆ. ಒಂದು ಪದ. ಅಷ್ಟನ್ನು ಹೇಳುವುದಕ್ಕೂ ನನಗೆ ಕಷ್ಟವಾಯಿತು. ಆ ಕಷ್ಟ ಏನೆಂದು ಬರೆದು ನೋಡೋಣ ಅನ್ನಿಸಿತು.

ನಾನು ದಾವಣಗೆರೆಯವನು. ಗಡಿ ಕಾಯುವ ಪಡೆಯಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, ನಾಯಿ ಹ್ಯಾಂಡ್ಲರ್ ಕೋರ್ಸಿನಲ್ಲಿ ಮೊದಲನೆಯವನಾಗಿ ಪಾಸಾಗಿ, ಮರಳುಗಾಡು ಹಿಮ ಎರಡನ್ನೂ ಕಂಡು, ಕೊನೆಗೆ ದೆಹಲಿಯ ಅಂಚಿನಲ್ಲಿರುವ ಈ ತರಬೇತಿ ಕೇಂದ್ರಕ್ಕೆ ತರಬೇತುದಾರನಾಗಿ ಬಂದವನು. ನನ್ನ ಸರ್ಟಿಫಿಕೇಟುಗಳಿಗೇ ಒಂದು ಫೈಲು ಇದೆ. ಬಂದ ಮೊದಲ ದಿನ ಕೆನಲ್‌ಗಳ ಸಾಲಿನ ಮುಂದೆ ನಡೆದು ಹೋಗುವಾಗ ಹೊಸ ಜರ್ಮನ್ ಶೆಫರ್ಡ್ ಒಂದು ಬಲೆಬಾಗಿಲಿಗೆ ಎಗರಿ ಬೊಗಳುತ್ತಿತ್ತು. ಅದರ ಮುಂದೆ ಕನ್ನಡಕದ, ಸಣಕಲು ಮನುಷ್ಯನೊಬ್ಬ ನಾಯಿಗೆ ಬೆನ್ನು ಹಾಕಿ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದ.

"ಏ, ಕಚ್ಚತ್ತೆ, ಹಟೋ!" ಎಂದೆ, ಗಾಬರಿಗೆ ಅರ್ಧ ಕನ್ನಡದಲ್ಲೇ.

ಅವರು ತಿರುಗಿ ನೋಡಿ, ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, "ಕನ್ನಡದವರಾ ಸಾರ್?" ಎಂದರು. ಅಷ್ಟರಲ್ಲಿ ನಾಯಿ ಬೊಗಳುವುದನ್ನು ನಿಲ್ಲಿಸಿ ಬಲೆಯ ಸಂದಿಯಿಂದ ಮೂಗು ತೂರಿಸಿ ಅವರ ಅಂಗಿಯ ಬೆನ್ನನ್ನು ಮೂಸುತ್ತಿತ್ತು. "ಮೂರು ದಿನದಿಂದ ಹಿಂಗೇ ಕೂತ್ಕೋತಿದೀನಿ. ಇವತ್ತು ಬಂತು" ಎಂದು ನಕ್ಕರು.

ಆ ನಾಯಿಯನ್ನು ಪಳಗಿಸಲು ಮೇಲಿನವರು ನನಗೆ ಹದಿನೈದು ದಿನದ ಗಡುವು ಕೊಟ್ಟಿದ್ದರು. ಅದು ಅವತ್ತೇ ಪಳಗಿತು, ಅವರಿಗೆ. ನನ್ನ ಹೊಟ್ಟೆಕಿಚ್ಚಿಗೆ ಹುಟ್ಟಿದ ದಿನ ಅಂತ ಒಂದಿದ್ದರೆ ಅದು ಅದೇ.

ಅವರು ಆಗ ಸಹಾಯಕ ತರಬೇತುದಾರ. ಅದಕ್ಕೂ ಮೊದಲು ಅದೇ ಕೇಂದ್ರದಲ್ಲಿ ದಿನಗೂಲಿಯ ಮೇಲೆ ಕೆನಲ್ ತೊಳೆಯುತ್ತಿದ್ದವರು. ಹಿಂದಿನ ಯಾರೋ ಅಧಿಕಾರಿ ಅವರ ಕೈಗುಣ ನೋಡಿ ಕೆಲಸ ಕಾಯಂ ಮಾಡಿಸಿ ಮೇಲೆ ತಂದಿದ್ದರಂತೆ. ಜೇಬಿನಲ್ಲಿ ಸದಾ ಎರಡು ಪೆನ್ನು, ಮೂಗಿನ ಮೇಲೆ ಕನ್ನಡಕ. ಹಾಗಾಗಿ ಹರಿಯಾಣದ ಹ್ಯಾಂಡ್ಲರುಗಳು ಮಾಸ್ಟರ್‌ಜೀ ಅಂತ ಹೆಸರಿಟ್ಟಿದ್ದರು. ನಾಯಿಗಳ ಎದುರು ಅವರು ಬಾಯಿ ಬಿಡುತ್ತಿದ್ದದ್ದು ಅಪರೂಪ. ಬೆರಳು ಮಡಿಸಿದರೆ ನಾಯಿ ಕೂರುತ್ತಿತ್ತು. ಅಂಗೈ ನೆಲಕ್ಕೆ ತೋರಿಸಿದರೆ ಮಲಗುತ್ತಿತ್ತು. ಭುಜ ಸ್ವಲ್ಪ ತಿರುಗಿಸಿದರೆ ಅದೂ ತಿರುಗುತ್ತಿತ್ತು. ಇಡೀ ಮೈದಾನದಲ್ಲಿ ನಮ್ಮ ಗಂಟಲುಗಳು ಹರಿಯುತ್ತಿದ್ದರೆ ಅವರಿದ್ದ ಮೂಲೆ ಮಾತ್ರ ತಣ್ಣಗೆ.

ಮನುಷ್ಯರ ಜೊತೆ ಮಾತ್ರ ವಿಪರೀತ ಮಾತು. ದೆಹಲಿಯ ಕಾಫಿ, ದೆಹಲಿಯ ಹುಳಿಯಿಲ್ಲದ ಟೊಮ್ಯಾಟೊ, ನವೆಂಬರಿನ ಹೊಗೆ, ಆ ಹೊಗೆಯಲ್ಲಿ ನಾಯಿಯ ಮೂಗು ಹೇಗೆ ಮಂಕಾಗುತ್ತದೆ ಎನ್ನುವುದು. ಕನ್ನಡ ಬಲ್ಲವನು ನಾನೊಬ್ಬನೇ ಆದ್ದರಿಂದ ಅಷ್ಟೂ ನನ್ನ ಕಿವಿಗೆ. ಒಂದು ಸಲ ನೋಯ್ಡಾದ ಡ್ಯೂಟಿಯಿಂದ ವ್ಯಾನಿನಲ್ಲಿ ವಾಪಸ್ ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ನಾಯಿಗಳ ಜೊತೆ ಸನ್ನೆಯಲ್ಲೇ ಮಾತಾಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ.

"ಮಕ್ಕಳ ಹತ್ರ ಸಾರ್" ಎಂದರು.

ಹೆಂಡತಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸ್ಟೆನೋ ಕೆಲಸ ಸಿಕ್ಕಿ ದೆಹಲಿಗೆ ಬಂದಾಗ ಇವರೂ ಜೊತೆಗೆ ಬಂದರಂತೆ. ಇಲ್ಲಿ ಕಿವಿ ಕೇಳದ ಮಕ್ಕಳ ಒಂದು ಸಣ್ಣ ಶಾಲೆಯಲ್ಲಿ ಮೇಷ್ಟರಾದರು. ಬಂದಾಗ ಹಿಂದಿ ಬರುತ್ತಿರಲಿಲ್ಲ, ಆ ಮಕ್ಕಳಿಗೆ ಹಿಂದಿ ಬೇಕಿರಲಿಲ್ಲ. ಕೈ ಭಾಷೆಯನ್ನು ಮಕ್ಕಳಿಂದಲೇ ಕಲಿತು ಅವರಿಗೆ ಲೆಕ್ಕ, ಚಿತ್ರ, ಭೂಗೋಳ ಹೇಳಿಕೊಟ್ಟರು. ಕೆಲವು ವರ್ಷಗಳಾದ ಮೇಲೆ ಕಟ್ಟಡದವರು ಜಾಗ ಬಿಡಿಸಿಕೊಂಡದ್ದರಿಂದ ಶಾಲೆ ಮುಚ್ಚಿತು. ಮನೆಯಲ್ಲಿ ಕೂತಿರಲಾರದೆ, ಕೆನಲ್ ಕೆಲಸಕ್ಕೆ ಜನ ಬೇಕು ಅಂದಾಗ ಹೋಗಿ ನಿಂತರು.

"ಯಾರಿಗೂ ಹೇಳ್ಬೇಡಿ ಸಾರ್. ಮೇಷ್ಟ್ರಾಗಿದ್ದೋನು ಕಕ್ಕಸು ತೊಳೆಯಕ್ಕೆ ಬಂದ ಅಂತ ಆಡ್ಕೋತಾರೆ. ಮೊದಮೊದಲು ನನಗೇ ಹಂಗನ್ನಿಸೋದು. ಆಮೇಲೆ ನೋಡಿದ್ರೆ ಎರಡೂ ಒಂದೇ ಕೆಲಸ. ನಾವು ಏನು ಹೇಳ್ತೀವಿ ಅಂತ ಅವು ಕೇಳೋದಿಲ್ಲ, ಹೆಂಗೆ ನಿಂತಿದೀವಿ ಅಂತ ನೋಡ್ತವೆ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಚೆನ್ನಾಗಿದೆ ಎನ್ನುವುದಕ್ಕಲ್ಲ, ನನ್ನ ಬಾಯಿಂದ ಬರಬೇಕಾಗಿತ್ತು ಎನ್ನುವುದಕ್ಕೆ.

ಕುಟುಂಬದವರನ್ನೆಲ್ಲ ಕೇಂದ್ರಕ್ಕೆ ಕರೆದ ಒಂದು ಭಾನುವಾರ ನನ್ನ ಮಗಳು ನನ್ನ ಪ್ರದರ್ಶನ ನೋಡಿದಳು, ಅವರದ್ದೂ ನೋಡಿದಳು. ವಾಪಸ್ ಜನಕಪುರಿಗೆ ಬರುವ ಮೆಟ್ರೋದಲ್ಲಿ, "ಪಪ್ಪಾ, ವೋ ಅಂಕಲ್ ತೋ ಕುಛ್ ಬೋಲ್ತೇ ಹೀ ನಹೀಂ. ಆದ್ರೂ ಎಲ್ಲಾ ಡಾಗ್ಸ್ ಮಾನ್ತೇ ಹೈಂ. ನೀವು ಯಾಕೆ ಇಷ್ಟು ಚಿಲ್ಲಾಯಿಸ್ತೀರಾ?" ಎಂದಳು. ಅವರು ಮಾತೇ ಆಡಲ್ಲ, ಆದರೂ ನಾಯಿಗಳೆಲ್ಲ ಕೇಳುತ್ತವೆ, ನೀವು ಯಾಕೆ ಕಿರುಚುತ್ತೀರಿ ಅಂತ. ನನ್ನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕಿದ್ದು ಗಾಜಿನಲ್ಲಿ ಕಾಣಿಸಿತು.

ಇನ್ನು ನಾನು ಮಾಡಿದ ತಪ್ಪಿನ ವಿಷಯ.

ಕೇಂದ್ರದಲ್ಲಿ ಸ್ಫೋಟಕ ಪತ್ತೆಗೆಂದೇ ಹೊಸ ವಿಭಾಗ ಶುರುವಾಗುವುದಿತ್ತು. ಅದಕ್ಕೊಬ್ಬ ಮುಖ್ಯ ತರಬೇತುದಾರ ಬೇಕು. ಆಗಿನ ಅಧಿಕಾರಿ ನನ್ನನ್ನು ಕರೆದು, "ಎಲ್ಲ ತರಬೇತುದಾರರ ಹಿನ್ನೆಲೆ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಕೊಡಿ. ಇಲ್ಲಿಗೆ ಸೇರುವ ಮುಂಚೆ ಯಾರು ಏನು ಮಾಡುತ್ತಿದ್ದರು ಅನ್ನುವುದು ಮುಖ್ಯ. ನಾಯಿಗೆ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ, ಹ್ಯಾಂಡ್ಲರುಗಳಿಗೆ ಕಲಿಸುವವರಿಲ್ಲ. ಪಾಠ ಹೇಳಿ ಅಭ್ಯಾಸ ಇದ್ದವರಿದ್ದರೆ ಅವರಿಗೇ ಮೊದಲ ಆದ್ಯತೆ" ಎಂದರು.

ನಾನು ಎಲ್ಲರನ್ನೂ ಕೇಳಿ ಬರೆದುಕೊಂಡೆ. ಒಬ್ಬರು ಸೈನ್ಯದ ನಾಯಿ ವಿಭಾಗದಲ್ಲಿದ್ದವರು. ಒಬ್ಬರು ಹೆದ್ದಾರಿ ಗಸ್ತಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್. ಇನ್ನೊಬ್ಬರು ಪಶು ಆಸ್ಪತ್ರೆಯ ಕಾಂಪೌಂಡರ್. ಮತ್ತೊಬ್ಬ ರೋಹ್ತಕ್ ಕಡೆಯವನು, ಕುಸ್ತಿ ಅಖಾಡದಿಂದ ನೇರ ಪೊಲೀಸಿಗೆ ಬಂದವನು. ಪಾಠ ಹೇಳಿದವರು ಯಾರೂ ಇರಲಿಲ್ಲ, ಒಬ್ಬರನ್ನು ಬಿಟ್ಟು. ಅವರು ಆಗ ಮಗಳ ಬಾಣಂತನಕ್ಕೆಂದು ರಜೆ ಹಾಕಿ ಮೈಸೂರಿಗೆ ಹೋಗಿದ್ದರು. ಫೋನ್ ಮಾಡಿದೆ.

"ನಿಮಗೆ ಎಲ್ಲಾ ಗೊತ್ತಲ್ಲ ಸಾರ್, ನೀವೇ ಬರೆದುಬಿಡಿ" ಎಂದರು. ಹಿಂದೆ ಕೂಸು ಅಳುವ ಸದ್ದು ಕೇಳುತ್ತಿತ್ತು.

"ಶಾಲೆದೂ ಬರೀಲಾ?"

"ಬರೀರಿ. ಈಗ್ಯಾಕೆ ನಾಚಿಕೆ? ಮೊಮ್ಮಗಳು ಬಂದ್ಲು ಸಾರ್ ನನಗೆ!"

ನಾನು ಅಭಿನಂದನೆ ಹೇಳಿ ಫೋನಿಟ್ಟೆ. ಟೈಪಿಸ್ಟ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಹೆಸರು ಹೇಳಿ ಬರೆಸಿದೆ. ನನ್ನದು ಅರ್ಧ ಪುಟವಾಯಿತು. ಅವರ ಹೆಸರು ಬಂದಾಗ, "ಕೆನಲ್ ಅಟೆಂಡೆಂಟ್, ದಿನಗೂಲಿ" ಎಂದೆ. "ಪೂರ್ವಾನುಭವ, ಸರ್?" ಎಂದು ಆತ ಕೇಳಿದ. ಗೋಡೆಯ ಕೂಲರ್ ಗೊರಗೊರ ಎನ್ನುತ್ತಿತ್ತು. "ಇಲ್ಲ" ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಮರೆತದ್ದೂ ಅಲ್ಲ. ಯೋಚನೆ ಮಾಡಿಯೇ ಹೇಳಿದ್ದು.

ಮುಖ್ಯ ತರಬೇತುದಾರನ ಕುರ್ಚಿ ನನಗೆ ಬಂತು. ಪೂರ್ವಾನುಭವ ಇಲ್ಲದ ಅವರನ್ನು ಮೈದಾನದಿಂದ ತೆಗೆದು ಮರಿಗಳ ಶೆಡ್ಡಿಗೆ ಹಾಕಿದರು. ಎಂಟು ವಾರದ ಮರಿಗಳಿಗೆ ಹಾಲು ಕುಡಿಸುವುದು, ಹೊರಗೆ ಓಡಾಡಿಸುವುದು, ಕುಕ್ಕರ್ ಸೀಟಿ, ಪಟಾಕಿ, ಮೆಟ್ಟಿಲು ಯಾವುದಕ್ಕೂ ಹೆದರದ ಹಾಗೆ ಮಾಡುವುದು. ರಜೆ ಮುಗಿಸಿ ಬಂದ ಅವರು ಆದೇಶ ಓದಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಸರಿ" ಎಂದರು. ಅವತ್ತಿನಿಂದ ಊಟಕ್ಕೆ ನನ್ನ ಜೊತೆ ಬರಲಿಲ್ಲ. ಮರಿಗಳ ಕೆಲಸ ಜಾಸ್ತಿ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಗೆದ್ದ ಮೇಲೆ ಹೊಟ್ಟೆಕಿಚ್ಚು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಶೆಡ್ಡಿನಿಂದ ಬಂದ ಮರಿಗಳು ದೊಡ್ಡವಾಗಿ ನನ್ನ ವಿಭಾಗಕ್ಕೆ ಸೇರತೊಡಗಿದವು. ಬೊಗಳುವುದಿಲ್ಲ, ಬೆದರುವುದಿಲ್ಲ, ಕೈ ನೋಡಿಕೊಂಡು ಕೆಲಸ ಮಾಡುತ್ತವೆ. ಬಂದ ಅತಿಥಿಗಳು ನನ್ನ ಕೈ ಕುಲುಕಿ, "ಎಂಥಾ ಒಳ್ಳೆ ನಾಯಿಗಳು ನಿಮ್ಮವು!" ಎನ್ನುತ್ತಿದ್ದರು. ಹೌದು ಎಂದು ತಲೆಯಾಡಿಸುತ್ತಿದ್ದೆ. ಸಂಜೆ ಅವೇ ನಾಯಿಗಳನ್ನು ಮರಿಶೆಡ್ಡಿನ ಮುಂದೆ ಕರೆದುಕೊಂಡು ಹೋದರೆ ಹಗ್ಗ ಜಗ್ಗಿ ಒಳಗೆ ನುಗ್ಗುತ್ತಿದ್ದವು. ನಾನು ದಾರಿಯನ್ನೇ ಬದಲಾಯಿಸಿದೆ.

ನನ್ನದು ಅಂತ ನಾನು ಹೇಳಬಹುದಾದ ನಾಯಿ ಒಂದೇ ಒಂದು: ಜೂಲಿ. ಕಪ್ಪು ಲ್ಯಾಬ್ರಡಾರ್. ಮರಿಯಿಂದ ನಾನೇ ಸಾಕಿ, ನಾನೇ ತರಬೇತಿ ಕೊಟ್ಟವಳು. ಸ್ಫೋಟಕದ ವಾಸನೆ ಹಿಡಿದರೆ ಸದ್ದಿಲ್ಲದೆ ಕೂತುಬಿಡುವಳು. ಏಳನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೊಂಡುಬಿದ್ದಳು. ಕರೆದರೆ ಬರುವುದಿಲ್ಲ. ನಿಲ್ಲು ಎಂದರೆ ನಿಲ್ಲುವುದಿಲ್ಲ. ಪೀತಮ್‌ಪುರದ ಮಾರುಕಟ್ಟೆಯೊಂದರಲ್ಲಿ ಹಬ್ಬದ ತಪಾಸಣೆಗೆ ಹೋಗಿದ್ದಾಗ, ಹಗ್ಗ ಬಿಟ್ಟಿದ್ದೇ ತಡ, ನನ್ನ ಕೂಗಿಗೆ ಕಿವಿಗೊಡದೆ ಅಂಗಡಿಗಳ ಸಾಲಿನ ಕೊನೆಯವರೆಗೂ ಹೋಗಿಬಿಟ್ಟಳು. ನಾನು ಅರಚುತ್ತಾ ಹಿಂದೆ ಓಡಿದೆ. ಚಾಟ್ ಮಾರುವವನು, "ಭಯ್ಯಾ, ಆಪ್‌ಕೀ ನಹೀಂ ಹೈ ಕ್ಯಾ?" ಎಂದು ನಕ್ಕ. ನಿಮ್ಮದಲ್ಲವಾ ಅಂತ. ಆ ಪ್ರಶ್ನೆಗೆ ನನ್ನ ಮೈಯೆಲ್ಲ ಉರಿಯಿತು. ಮಾರನೆಯ ದಿನ ಅವಳನ್ನು ಮೈದಾನದಲ್ಲಿ ನಿಲ್ಲಿಸಿಕೊಂಡು ಗಂಟಲು ಹೋಗುವಂತೆ ಗದರಿದೆ. ಒಂದು ಏಟನ್ನೂ ಕೊಟ್ಟೆ. ಸೇವೆಯಿಂದ ತೆಗೆಯಬೇಕೆಂದು ವರದಿ ಬರೆಯಲು ಕೂತೆ.

ಆಗ ಅವರು ಮರಿಶೆಡ್ಡಿನಿಂದ ಬಂದು ನನ್ನ ಬಾಗಿಲಲ್ಲಿ ನಿಂತರು. ಎಷ್ಟೋ ತಿಂಗಳ ಮೇಲೆ ಬಂದದ್ದು.

"ಜೂಲಿಗೆ ಯಾಕೆ ಹೊಡೆದ್ರಿ ಸಾರ್?"

"ಮಾತು ಕೇಳ್ತಿಲ್ಲ."

"ಅವಳು ಕೇಳ್ತಿಲ್ಲ ಅಲ್ಲ. ಅವಳಿಗೆ ಕೇಳಿಸ್ತಿಲ್ಲ."

ನನ್ನನ್ನು ಕರೆದುಕೊಂಡು ಹೋದರು. ಜೂಲಿ ಕೆನಲ್‌ನಲ್ಲಿ ನಮಗೆ ಬೆನ್ನು ಹಾಕಿ, ಹಲಗೆಯ ಮೇಲೆ ಮಲಗಿದ್ದಳು. ಅವರು ಅವಳ ಹಿಂದೆ ನಿಂತು ಸ್ಟೀಲ್ ಬೋಗುಣಿಯನ್ನು ಸಿಮೆಂಟಿನ ಮೇಲೆ ಎತ್ತಿ ಹಾಕಿದರು. ಸಾಲಿನ ನಾಯಿಗಳೆಲ್ಲ ಎದ್ದು ಬೊಗಳಿದವು. ಜೂಲಿಯ ಕಿವಿ ಅಲುಗಲಿಲ್ಲ. ಆಮೇಲೆ ಅವಳು ಮಲಗಿದ್ದ ಹಲಗೆಯ ಮೇಲೆ ಮೆಲ್ಲಗೆ ಒಂದು ಸಲ ಕಾಲು ಕುಟ್ಟಿದರು. ತಕ್ಷಣ ತಿರುಗಿದಳು, ನಮ್ಮನ್ನು ನೋಡಿ ಬಾಲ ಅಲ್ಲಾಡಿಸಿದಳು.

"ನಮ್ಮ ಶಾಲೆಲಿ ಹೊಸ ಮಕ್ಕಳಿಗೆ ಹಿಂಗೇ ನೋಡ್ತಿದ್ವಿ" ಎಂದರು. ನನ್ನ ಕಡೆ ನೋಡಲಿಲ್ಲ.

ಏಳು ವರ್ಷ ಸಾಕಿದವನು ನಾನು. ಅವಳ ಕಿವಿ ಹೋಗಿದ್ದು ನನಗೆ ತಿಳಿಯದೆ, ಮರಿಶೆಡ್ಡಿನಲ್ಲಿ ದೂರದಿಂದ ನೋಡುತ್ತಿದ್ದವರಿಗೆ ತಿಳಿಯಿತು. ಪಾಪ ಅನ್ನಿಸಿತು, ನಾಚಿಕೆಯಾಯಿತು. ಅವೆರಡರ ಕೆಳಗೆ ಆ ಗಳಿಗೆಯಲ್ಲೂ, ಇದೂ ಇವರಿಗೇ ಗೊತ್ತಾಗಬೇಕಿತ್ತೇ ಎನ್ನುವ ಸಂಕಟ.

ಒಂದೂವರೆ ತಿಂಗಳು ದಿನಾ ಬೆಳಿಗ್ಗೆ ಅವರು ಜೂಲಿಗೆ ಕೈಸನ್ನೆ ಕಲಿಸಿದರು. ನಿಜ ಹೇಳಬೇಕೆಂದರೆ, ಜೂಲಿ ಒಂದು ವಾರಕ್ಕೇ ಕಲಿತಳು. ಮಿಕ್ಕಿದ್ದು ನನಗೆ. "ಸಾರ್, ಕೈ ಒಂದು ಹೇಳ್ತಿದೆ, ಮುಖ ಒಂದು ಹೇಳ್ತಿದೆ. ಅವಳು ಯಾವುದನ್ನ ನಂಬಬೇಕು?" ಎನ್ನುತ್ತಿದ್ದರು. ಹ್ಯಾಂಡ್ಲರುಗಳು ದೂರ ನಿಂತು, ಮುಖ್ಯ ತರಬೇತುದಾರ ಮರಿಶೆಡ್ಡಿನವರಿಂದ ಪಾಠ ಹೇಳಿಸಿಕೊಳ್ಳುವುದನ್ನು ನೋಡುತ್ತಿದ್ದರು. ಅಷ್ಟು ಒಳ್ಳೆಯ ಮೇಷ್ಟರನ್ನು ನಾನು ಎಲ್ಲೂ ಕಂಡಿರಲಿಲ್ಲ. ಹ್ಯಾಂಡ್ಲರುಗಳಿಗೆ ಕಲಿಸುವವರು ಬೇಕು ಎಂದಿದ್ದ ಅಧಿಕಾರಿಯ ಮಾತು ದಿನಾ ಕಿವಿಯಲ್ಲಿ ಕೇಳುತ್ತಿತ್ತು.

ಜೂಲಿ ಹಗ್ಗ ಬಿಚ್ಚದೆಯೇ ಇನ್ನೂ ಎರಡು ವರ್ಷ ಕೆಲಸ ಮಾಡಿದಳು. ನಿವೃತ್ತಿಯಾದಾಗ ಅವಳನ್ನು ಮನೆಗೆ ಕರೆದುಕೊಂಡು ಹೋಗುವ ಮೊದಲ ಹಕ್ಕು ನನ್ನದು. ಜನಕಪುರಿಯ ನಮ್ಮ ಎರಡನೇ ಮಹಡಿಯ ಬಾಡಿಗೆ ಮನೆಗೆ ನಾಯಿ ಕೂಡದು ಎಂದು ಮಾಲೀಕ ಕಡ್ಡಿ ಮುರಿದಂತೆ ಹೇಳಿದ. ಅವರದು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸು, ನೆಲಮಹಡಿ, ಮುಂದೆ ಬೇವಿನ ಮರ, ಅಂಗಳ. ಜೂಲಿ ಅಲ್ಲಿಗೇ ಹೋದಳು. ಭಾನುವಾರಗಳಲ್ಲಿ ನಾನು ಮೆಟ್ರೋ ಹತ್ತಿ ಅವಳನ್ನು ನೋಡಲು ಹೋಗುತ್ತಿದ್ದೆ. ಅವಳು ನನ್ನ ಕೈ ನೆಕ್ಕುತ್ತಿದ್ದಳು, ಆಮೇಲೆ ಹೋಗಿ ಅವರ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಅವರ ಹೆಂಡತಿ ಟ್ರೇನಲ್ಲಿ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದರು. ಒಂದು ದಿನವೂ ಮಾತಾಡಿಸಿದ್ದಿಲ್ಲ. ಸಂಕೋಚದವರು ಎಂದು ನಾನು ತಿಳಿದಿದ್ದೆ.

ಕಳೆದ ಚಳಿಗಾಲದಲ್ಲಿ ಜೂಲಿ ಹೋದಳು. ಅಂಗಳದ ಬಿಸಿಲಿನಲ್ಲಿ, ಅವರ ತೊಡೆಯ ಮೇಲೆ. ನಾನು ಹೋಗುವಷ್ಟರಲ್ಲಿ ಅವರು ಅವಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದರು. ಕೊನೆಯ ಉಸಿರು ನನ್ನ ಕೈಯಲ್ಲಿ ಹೋಗಲಿಲ್ಲ ಎಂದು ಅತ್ತೆನೋ, ಅವರ ಕೈಯಲ್ಲಿ ಹೋಯಿತು ಎಂದು ಅತ್ತೆನೋ, ಇವತ್ತಿಗೂ ಹೇಳಲಾರೆ. ಮಣ್ಣು ಮಾಡಿ ಬಂದು ಅವರ ಮನೆಯ ಹಜಾರದಲ್ಲಿ ಕೂತೆವು. ಇನ್ನು ನಾಲ್ಕೈದು ತಿಂಗಳಿಗೆ ಅವರ ನಿವೃತ್ತಿ. ಭಾನುವಾರಗಳಲ್ಲಿ ಆ ಮನೆಗೆ ಬರಲು ನನಗಿನ್ನು ನೆಪವೂ ಇರಲಿಲ್ಲ. ಹೇಳಿಬಿಟ್ಟೆ.

"ಆ ಹಿನ್ನೆಲೆಯ ಹಾಳೆಯಲ್ಲಿ ನಾನು ನಿಮ್ಮ ಶಾಲೆಯ ವಿಷಯ ಬರೆಸಲಿಲ್ಲ. ಬೇಕಂತಲೇ ಬರೆಸಲಿಲ್ಲ."

ಅವರು ಕೈಗಂಟಿದ ಮಣ್ಣನ್ನು ಉಜ್ಜಿಕೊಳ್ಳುತ್ತಿದ್ದರು. "ಗೊತ್ತು ಸಾರ್" ಎಂದರು. "ರಜೆಯಿಂದ ಬಂದ ವಾರನೇ ಟೈಪಿಸ್ಟ್ ತೋರಿಸಿದ. ಒಂದು ವರ್ಷ ನಿಮ್ಮ ಮುಖ ಕಂಡ್ರೆ ಆಗ್ತಿರಲಿಲ್ಲ ನನಗೆ."

"ಮತ್ತೆ ಜೂಲಿ ವಿಷಯಕ್ಕೆ ಬಂದ್ರಲ್ಲ?"

"ಅವಳಿಗೋಸ್ಕರ ಬಂದೆ. ನಿಮಗೋಸ್ಕರ ಅಲ್ಲ."

ಕೈ ಕೊಡವಿಕೊಂಡು, "ನನಗೆ ಹೋಯ್ತು ಬಿಡಿ ಸಿಟ್ಟು. ಇವಳಿಗೆ ಹೋಗಿಲ್ಲ. ಇಷ್ಟು ವರ್ಷ ಆಯ್ತು, ನಿಮ್ಮನ್ನ ಒಂದು ಸಲನಾದ್ರೂ ಮಾತಾಡಿಸಿದ್ದಾಳಾ?" ಎಂದು ಅಡಿಗೆಮನೆಯ ಕಡೆ ಕಣ್ಣು ಮಾಡಿದರು.

ನಾನು ಎದ್ದು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಆಕೆ ಒಲೆಯ ಮುಂದೆ ಇದ್ದರು.

"ಅಕ್ಕಾ, ನಾನು ತಪ್ಪು ಮಾಡಿದೆ."

"ಕೇಳಿಸ್ತು" ಎಂದರು ತಿರುಗದೆ. "ಟೈಪ್ ಮಾಡಿಸಿ ಸಹಿ ಹಾಕಿ ಕೆಡಿಸಿದ್ದನ್ನ ಬಾಯಲ್ಲಿ ಹೇಳಿ ಸರಿ ಮಾಡ್ತೀರಾ? ಬರೆದು ಕೊಡಿ."

ಗ್ಯಾಸ್ ಆರಿಸಿ, ಮೇಜಿನ ಮೇಲೆ ಹಾಳೆ ಪೆನ್ನು ತಂದಿಟ್ಟು ಎದುರಿನ ಕುರ್ಚಿಯಲ್ಲಿ ಕೂತರು. ಇಡೀ ಆಯುಷ್ಯ ಅಧಿಕಾರಿಗಳ ಡಿಕ್ಟೇಶನ್ ತೆಗೆದುಕೊಂಡ ಹೆಂಗಸು. ನಾನು ಬರೆದೆ. ಶಾಲೆ, ಸನ್ನೆ ಭಾಷೆ, ಮಕ್ಕಳು, ಕೆನಲ್, ಮರಿಶೆಡ್ಡು, ಅಲ್ಲಿಂದ ಬಂದ ನಾಯಿಗಳು, ಜೂಲಿ. ನನ್ನ ಹಾಳೆಯಲ್ಲಿ ಇದ್ದದ್ದು ತಪ್ಪು ಮಾಹಿತಿ, ಅದು ತಿಳಿದೇ ಕೊಟ್ಟದ್ದು ಎಂದೂ ಬರೆದೆ. ಆ ಸಾಲಿಗೆ ಕೈ ಓಡದೆ ನಿಂತಾಗ ಆಕೆ ಸುಮ್ಮನೆ ಕಾದರು. ಓದಿ ನೋಡಿ, "ಶಾಲೆಲಿದ್ದದ್ದು ಎಂಟು ವರ್ಷ ಅಲ್ಲ, ಒಂಬತ್ತು. ತಿದ್ದಿ" ಎಂದರು. ತಿದ್ದಿದೆ.

ಮಾರನೆಯ ದಿನ ಕಚೇರಿಗೆ ಕೊಟ್ಟೆ. ಈಗಿನ ಅಧಿಕಾರಿ ಹೊಸಬರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಎರಡು ಸಲ ಓದಿ ನನ್ನನ್ನು ನೋಡಿದರು. ನನಗೊಂದು ಎಚ್ಚರಿಕೆಯ ಪತ್ರ ಬಂತು, ನನ್ನ ಸೇವಾ ದಾಖಲೆಗೆ ಸೇರಿತು. ಅವರಿಗೆ ಆ ಕುರ್ಚಿಯೇನೂ ಸಿಗಲಿಲ್ಲ. ಉಳಿದಿದ್ದ ನಾಲ್ಕೈದು ತಿಂಗಳ ಸೇವೆಗೆ ಯಾರೂ ಹುದ್ದೆ ಬದಲಿಸುವುದಿಲ್ಲ.

ಬೀಳ್ಕೊಡುಗೆ ಮೈದಾನದಲ್ಲಿ, ಶಾಮಿಯಾನಾದ ಕೆಳಗೆ. ಸಮೋಸ, ಹಾರ, ಶಾಲು ಎಲ್ಲ ಆದ ಮೇಲೆ ಅಧಿಕಾರಿ ಜೇಬಿನಿಂದ ಹಾಳೆ ತೆಗೆದು, "ಇವರ ಹಿನ್ನೆಲೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ" ಎಂದು ಹಿಂದಿಯಲ್ಲಿ ಓದಿದರು. ನನ್ನ ತಪ್ಪಿನ ಸಾಲನ್ನು ಬಿಟ್ಟು ಮಿಕ್ಕಿದ್ದೆಲ್ಲ ನಾನು ಬರೆದ ಹಾಗೇ. ಹ್ಯಾಂಡ್ಲರುಗಳ ಸಾಲಿನಿಂದ ಯಾರೋ, "ಅಚ್ಛಾ! ಸಚ್‌ಮುಚ್ ಕೇ ಮಾಸ್ಟರ್‌ಜೀ!" ಎಂದು ಕೂಗಿದ, ನಿಜಕ್ಕೂ ಮೇಷ್ಟ್ರೇ ಅಂತ. ಚಪ್ಪಾಳೆ ಬಿದ್ದಿತು.

ಅವರನ್ನು ಮಾತಾಡಲು ಕರೆದರು. ಮೈಕಿನ ಮುಂದೆ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ಮಾತಿನ ಮನುಷ್ಯನಿಗೆ ಮಾತು ಹೊರಡಲಿಲ್ಲ. ಕೊನೆಗೆ, "ನಮ್ಮ ಶಾಲೆಯಲ್ಲಿ ಚಪ್ಪಾಳೆ ತಟ್ಟಿದರೆ ಮಕ್ಕಳಿಗೆ ಕೇಳಿಸುತ್ತಿರಲಿಲ್ಲ. ಹೀಗೆ ಮಾಡುತ್ತಿದ್ದೆವು" ಎಂದು ಎರಡೂ ಕೈ ತಲೆಯ ಮೇಲೆತ್ತಿ ಬೆರಳು ಬಿಡಿಸಿ ಅಲ್ಲಾಡಿಸಿದರು. ಮೊದಲ ಸಾಲಿನವರು ನಗುತ್ತಾ ಕೈ ಎತ್ತಿದರು. ಆಮೇಲೆ ಹಿಂದಿನವರು. ನೋಡುತ್ತಿದ್ದಂತೆ ಶಾಮಿಯಾನಾದ ಕೆಳಗೆ ಎಲ್ಲ ಕೈಗಳೂ ಮೇಲೆ, ಅಧಿಕಾರಿಯದೂ, ರೋಹ್ತಕ್‌ನ ಕುಸ್ತಿಯವನದೂ, ನನ್ನ ಹೆಂಡತಿ ಮಗಳದೂ. ಒಂದು ಸದ್ದಿಲ್ಲ. ಅತ್ತ ಕೆನಲ್‌ಗಳಲ್ಲಿ ನಾಯಿಗಳೂ ಸುಮ್ಮನಿದ್ದವು.

ನಾನೂ ಎತ್ತಿದೆ. ಎಲ್ಲರಿಗಿಂತ ತಡವಾಗಿ ಎತ್ತಿ, ಎಲ್ಲರಿಗಿಂತ ಮೊದಲು ಇಳಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ತಿರುಗಿ ಅದನ್ನೂ ನೋಡಿದರು.